ಕ್ಷಾರದಿಂದ ಸ್ಟೇಪ್ಲರ್‌ವರೆಗೆ: ಮೂಲವ್ಯಾಧಿಯ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ

ಮೂಲವ್ಯಾಧಿ ಹೊರಗಿನಿಂದ ಅಂಟುವ ರೋಗವಲ್ಲ, ಹೊಸದಾಗಿ ಹುಟ್ಟುವ ಗಂಟೂ ಅಲ್ಲ. ಗುದನಾಳದ ಒಳಗೋಡೆಯಲ್ಲಿ ಹುಟ್ಟಿನಿಂದಲೇ ಎಲ್ಲರಿಗೂ ಮೂರು ಮೆತ್ತೆಗಳಿರುತ್ತವೆ. ರಕ್ತನಾಳ, ನಯವಾದ ಸ್ನಾಯು, ನಾರುಗಳಿಂದ ಆದ ಈ ಮೆತ್ತೆಗಳು ದ್ವಾರವನ್ನು ಗಾಳಿ, ನೀರು ಸೋರದಂತೆ ಮುಚ್ಚಿಡಲು ನೆರವಾಗುತ್ತವೆ. ವರ್ಷಗಟ್ಟಲೆ ಮುಕ್ಕಿ ಮಲ ವಿಸರ್ಜಿಸಿದಾಗ, ಬಸಿರು ಹೊತ್ತಾಗ, ವಯಸ್ಸಾದಂತೆ ಅವುಗಳನ್ನು ಹಿಡಿದಿಟ್ಟ ನಾರು ಸಡಿಲವಾಗುತ್ತದೆ. ಮೆತ್ತೆ ಕೆಳಗೆ ಜಾರುತ್ತದೆ, ಉಬ್ಬುತ್ತದೆ, ಉಜ್ಜಿ ರಕ್ತ ಸುರಿಸುತ್ತದೆ. ಡಬ್ಲ್ಯೂ. ಎಚ್. ಎಫ್. ಥಾಮ್ಸನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ 1975ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದು ತೋರಿಸುವವರೆಗೆ, ಕಾಲಿನಲ್ಲಿ ಉಬ್ಬುವ ರಕ್ತನಾಳಗಳಂತೆ ಇದೂ ಊದಿಕೊಂಡ ರಕ್ತನಾಳವೇ ಎಂದು ವೈದ್ಯರು ನಂಬಿದ್ದರು. ತೆಗೆಯಬೇಕಾದದ್ದು ಊದಿದ ನಾಳವೋ, ಮೇಲೆ ಕೂರಿಸಬೇಕಾದದ್ದು ಜಾರಿದ ಮೆತ್ತೆಯೋ? ಸ್ಟೇಪ್ಲರ್ ಚಿಕಿತ್ಸೆ ನಿಂತಿರುವುದು ಎರಡನೆಯ ಉತ್ತರದ ಮೇಲೆ.

ರೋಗದ ನಾಲ್ಕು ಹಂತಗಳನ್ನು ಲೀಡ್ಸ್‌ನ ಜಾನ್ ಗೊಲಿಗರ್ ಹೆಸರಿನಲ್ಲಿ ಕರೆಯುತ್ತಾರೆ. ರಕ್ತ ಮಾತ್ರ ಹೋಗುವುದು ಮೊದಲನೆಯದು. ಹೊರಬಂದು ತಾನಾಗಿ ಒಳಹೋಗುವುದು ಎರಡನೆಯದು, ಬೆರಳಿನಿಂದ ಒಳದೂಡಬೇಕಾದದ್ದು ಮೂರನೆಯದು, ದೂಡಿದರೂ ನಿಲ್ಲದೆ ಹೊರಗೇ ಉಳಿಯುವುದು ನಾಲ್ಕನೆಯದು. ಮೊದಲೆರಡಕ್ಕೆ ಚಾಕು ಬೇಕಾಗುವುದು ಅಪರೂಪ. ಶಸ್ತ್ರಚಿಕಿತ್ಸೆಯ ಇತಿಹಾಸವೆಲ್ಲ ಉಳಿದೆರಡರದು.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕುಣಿಕೋಣೂರಿನಂಥ ಊರಿಗೆ ಈ ಇತಿಹಾಸ ಬಂದು ಮುಟ್ಟಿದ್ದು ನೇರವಾಗಿ ಅಲ್ಲ, ಎರಡು ದಾರಿಗಳಲ್ಲಿ. ಜತ್ತ ಮಳೆ ಕಡಿಮೆಯ ಸೀಮೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಕಾಲದಲ್ಲಿ ಬ್ರಿಟಿಷರು ಅದನ್ನು ಬಿಜಾಪುರ ಏಜೆನ್ಸಿಗೆ ಸೇರಿಸಿದ್ದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು, 1960ರಲ್ಲಿ ಆ ಜಿಲ್ಲೆಗೆ ಸಾಂಗ್ಲಿ ಎಂದು ಹೆಸರಾಯಿತು. ಆಡಳಿತ ಮರಾಠಿಯದು, ಪೂರ್ವಭಾಗದ ಹಳ್ಳಿಗಳ ಮನೆಮಾತು ಕನ್ನಡ. ದೊಡ್ಡ ದವಾಖಾನೆ ಬೇಕೆಂದರೆ ಪಶ್ಚಿಮಕ್ಕೆ ಮಿರಜ, ಪೂರ್ವಕ್ಕೆ ವಿಜಯಪುರ. ಯಾವ ಕಡೆ ಹೊರಟರೂ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಮೂಲವ್ಯಾಧಿ ಪ್ರಾಣ ತೆಗೆಯುವ ರೋಗವಲ್ಲವಾದ್ದರಿಂದ, ಹೇಳಿಕೊಳ್ಳಲು ನಾಚಿಕೆ ತರುವಂಥದ್ದೂ ಆದ್ದರಿಂದ, ಈ ಲೆಕ್ಕವೇ ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡುತ್ತಿತ್ತು. ಒಂದನೇ ಹಂತದಲ್ಲಿ ಬರಬೇಕಾದವರು ಮೂರನೆಯದರಲ್ಲಿ ಬರುತ್ತಿದ್ದರು.

ಹಳೆಯ ಭಾರತೀಯ ವೈದ್ಯಶಾಸ್ತ್ರ ಈ ರೋಗವನ್ನು ಹಗುರವಾಗಿ ಎಣಿಸಿರಲಿಲ್ಲ. ಸುಶ್ರುತ ಸಂಹಿತೆ ವಾಸಿಮಾಡಲು ಕಷ್ಟವಾದ ಎಂಟು ಮಹಾರೋಗಗಳ ಪಟ್ಟಿಯಲ್ಲಿ ಕುಷ್ಠ, ಪ್ರಮೇಹಗಳ ಜೊತೆಗೇ ಅರ್ಶಸ್ಸನ್ನು, ಅಂದರೆ ಮೂಲವ್ಯಾಧಿಯನ್ನು, ಇಟ್ಟಿದೆ. ಅದಕ್ಕೆ ಹೇಳಿದ ಉಪಾಯ ನಾಲ್ಕು: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಈಚಿನ ರೋಗಕ್ಕೆ ಔಷಧ, ಮೃದುವಾಗಿ ಹರಡಿ ಉಬ್ಬಿದ್ದಕ್ಕೆ ಕ್ಷಾರ, ಒರಟು ಗಟ್ಟಿಯಾದದ್ದಕ್ಕೆ ಸುಡುವುದು, ಸಣ್ಣ ಬುಡದ ಎತ್ತರದ ಮೊಳಕೆಗೆ ಕತ್ತರಿಸುವುದು. ರೋಗದ ಆಕಾರ ನೋಡಿ ವಿಧಾನ ಆರಿಸಬೇಕೆಂಬ ಈ ಕ್ರಮ ಇಂದಿನ ಹಂತಗಳ ಲೆಕ್ಕಾಚಾರಕ್ಕೆ ದೂರದ್ದಲ್ಲ.

ಅದಕ್ಕಿಂತ ಗಮನ ಸೆಳೆಯುವುದು ಅಲ್ಲಿನ ಸಲಕರಣೆ. ಅರ್ಶೋಯಂತ್ರವೆಂಬ ನಳಿಕೆಯನ್ನು ಲೋಹ, ದಂತ, ಕೊಂಬು ಅಥವಾ ಮರದಿಂದ ಹಸುವಿನ ಮೊಲೆಯ ಆಕಾರದಲ್ಲಿ ಮಾಡಬೇಕು, ಉದ್ದ ನಾಲ್ಕು ಅಂಗುಲ, ಸುತ್ತಳತೆ ಗಂಡಸರಿಗೆ ಐದು, ಹೆಂಗಸರಿಗೆ ಆರು ಅಂಗುಲ. ನೋಡಲು ಬಳಸುವ ನಳಿಕೆಗೆ ಎರಡು ಕಂಡಿ, ಕೆಲಸ ಮಾಡುವ ನಳಿಕೆಗೆ ಒಂದೇ ಕಂಡಿ. ಕಾರಣವನ್ನೂ ಸಂಹಿತೆ ಕೊಡುತ್ತದೆ: ಒಂದೇ ಕಂಡಿಯಿದ್ದರೆ ಕ್ಷಾರವಾಗಲಿ ಬೆಂಕಿಯಾಗಲಿ ಅಲಗಾಗಲಿ ಬೇಡದ ಜಾಗಕ್ಕೆ ತಾಗುವುದಿಲ್ಲ. ಕ್ಷಾರ ಹಚ್ಚಿ ನೂರು ಎಣಿಸುವಷ್ಟು ಹೊತ್ತು ಕಾಯಬೇಕು, ಮೊಳಕೆ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದರೆ ಸಾಕೆಂದು ನಿಲ್ಲಿಸಬೇಕು. ಹಲವು ಮೊಳಕೆಗಳಿದ್ದರೆ ಒಮ್ಮೆಗೆ ಒಂದನ್ನೇ ಹಿಡಿಯಬೇಕು: ಮೊದಲು ಬಲ, ಆಮೇಲೆ ಎಡ, ಆಮೇಲೆ ಹಿಂದಿನದು, ಕೊನೆಗೆ ಮುಂದಿನದು, ಒಂದೊಂದರ ನಡುವೆ ಏಳು ದಿನದ ಬಿಡುವು. ಸುತ್ತಲೂ ಒಮ್ಮೆಲೇ ಗಾಯ ಮಾಡಿದರೆ ದ್ವಾರ ಕಿರಿದಾಗುತ್ತದೆಂಬ ಪಾಠವನ್ನು ಯುರೋಪಿನ ಶಸ್ತ್ರವೈದ್ಯರು ಕಲಿತದ್ದು 19ನೇ ಶತಮಾನದ ಕೊನೆಯಲ್ಲಿ, ರೋಗಿಗಳ ಮೇಲೆ.

ಚರಕ ಸಂಹಿತೆಯ ನಿಲುವು ಬೇರೆ. ಶಸ್ತ್ರ, ಕ್ಷಾರ, ಅಗ್ನಿ ಈ ಮೂರೂ ಬಲ್ಲವರ ಕೈಯಲ್ಲಿರಬೇಕು, ಕೈ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅದು ದೊಡ್ಡ ಪಟ್ಟಿಯನ್ನೇ ಕೊಡುತ್ತದೆ: ಪುಂಸ್ತ್ವದ ನಷ್ಟ, ಬಾವು, ಮಲಮೂತ್ರ ಕಟ್ಟುವುದು, ಹೊಟ್ಟೆಯುಬ್ಬರ, ಭಯಂಕರ ನೋವು, ನಿಲ್ಲದ ರಕ್ತ, ಮಾಯ್ದದ್ದು ಮತ್ತೆ ಮೊಳೆಯುವುದು, ಗುದ ಜಾರುವುದು, ಮರಣ. ಆದ್ದರಿಂದ ಚರಕ ಮತ ಮೊದಲು ಆಹಾರವನ್ನು ತಿದ್ದುತ್ತದೆ, ಮಜ್ಜಿಗೆಯನ್ನು ಮನಸಾರೆ ಹೊಗಳುತ್ತದೆ. ಮೂಲವ್ಯಾಧಿಯವರಿಗೆ ಮಜ್ಜಿಗೆ ಕುಡಿಸುವ, ಸುವರ್ಣಗಡ್ಡೆ ಬೇಯಿಸಿ ಉಣಿಸುವ ರೂಢಿ ಕನ್ನಡ ಸೀಮೆಯ ಮನೆಗಳಲ್ಲಿ ಇಂದಿಗೂ ಇದೆ. ಸಂಸ್ಕೃತದಲ್ಲಿ ಆ ಗಡ್ಡೆಯ ಒಂದು ಹೆಸರೇ ಅರ್ಶೋಘ್ನ.

ಈ ವಿದ್ಯೆ ಕನ್ನಡ ನಾಡಿನಲ್ಲಿಯೂ ಗ್ರಂಥರೂಪದಲ್ಲಿ ಬೆಳೆಯಿತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ಮುನಿ ಉಗ್ರಾದಿತ್ಯ ಬರೆದ ಸಂಸ್ಕೃತದ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಜೇನುಗಳನ್ನು ಬಿಟ್ಟ ಔಷಧಗಳಷ್ಟೇ ಅಲ್ಲದೆ ಕ್ಷಾರಕರ್ಮ, ಅಗ್ನಿಕರ್ಮಗಳ ವಿಷಯವೂ ಇದೆ. ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ಕನ್ನಡಕ್ಕೆ ತಂದ. ಗ್ರಂಥ ಉಳಿದಂತೆ ಕೈಕೆಲಸದ ವಿದ್ಯೆ ಉಳಿಯಲಿಲ್ಲ. ಪಂಡಿತ ವೈದ್ಯರು ನಾಡಿ ಹಿಡಿದು ಔಷಧ ಕೊಡುವುದಕ್ಕೆ ಸರಿದರು, ಕ್ಷಾರ ಹಚ್ಚುವ, ದಾರ ಕಟ್ಟುವ ಕೆಲಸ ಓದುಬರಹವಿಲ್ಲದ ಕುಟುಂಬಗಳಿಗೆ, ಊರೂರು ತಿರುಗುವವರಿಗೆ ಬಿಟ್ಟುಹೋಯಿತು. ಬಲ್ಲವನ ಕೈಯಲ್ಲಿ ಅದು ಕೆಲಸ ಮಾಡುತ್ತಿತ್ತು, ಅರೆಬರೆ ಕಲಿತವನ ಕೈಯಲ್ಲಿ ಚರಕನ ಪಟ್ಟಿ ನಿಜವಾಗುತ್ತಿತ್ತು.

ಯುರೋಪಿನಲ್ಲಿಯೂ ಇದು ಬಹುಕಾಲ ಮರ್ಯಾದಸ್ಥರ ಕೆಲಸವಾಗಿರಲಿಲ್ಲ. ಫ್ರೆಡರಿಕ್ ಸಾಲ್ಮನ್ 1835ರಲ್ಲಿ ಲಂಡನ್ನಿನಲ್ಲಿ ಭಗಂದರ ಮತ್ತು ಗುದರೋಗಗಳ ಬಡರೋಗಿಗಳಿಗೆಂದೇ ಒಂದು ಸಣ್ಣ ದವಾಖಾನೆ ತೆರೆದ. ಅದೇ ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಾಗಿ ಈ ವಿದ್ಯೆಯ ಗುರುಪೀಠವಾಯಿತು. ಅಲ್ಲಿಯ ವಿಧಾನ ಮೊಳಕೆಯ ಬುಡ ಬಿಡಿಸಿ ದಾರ ಬಿಗಿಯುವುದು. ಮ್ಯಾಂಚೆಸ್ಟರ್‌ನ ವಾಲ್ಟರ್ ವೈಟ್‌ಹೆಡ್‌ಗೆ ಅಷ್ಟು ಸಾಲಲಿಲ್ಲ. ರೋಗವಿರುವ ಒಳಪದರವನ್ನು ಸುತ್ತಲೂ ಬಳೆಯಂತೆ ಕತ್ತರಿಸಿ ತೆಗೆದು, ಮೇಲಿನ ಪದರವನ್ನು ಕೆಳಗೆಳೆದು ಚರ್ಮಕ್ಕೆ ಹೊಲಿಯುವ ವಿಧಾನವನ್ನು ಆತ 1882ರಲ್ಲಿ ಪ್ರಕಟಿಸಿದ, 1887ರಲ್ಲಿ ಮುನ್ನೂರು ರೋಗಿಗಳ ಅನುಭವ ಬರೆದ. ಅವನ ಕೈಯಲ್ಲಿ ಚೆನ್ನಾಗಿ ನಡೆದ ಶಸ್ತ್ರಕ್ರಿಯೆ ಬೇರೆಯವರ ಕೈಗೆ ಹೋದಾಗ ಕೆಲವರ ದ್ವಾರ ಕಿರಿದಾಯಿತು, ಕೆಲವರಿಗೆ ಒಳಪದರ ಹೊರಗೆ ಕಾಣಿಸಿಕೊಂಡು ಸದಾ ಒದ್ದೆಯಾಯಿತು. ಆ ವಿಕಾರಕ್ಕೆ ವೈಟ್‌ಹೆಡ್ ಹೆಸರೇ ಅಂಟಿಕೊಂಡಿತು. ಒಬ್ಬ ವೈದ್ಯನ ಫಲಿತಾಂಶ ವಿಧಾನದ ಫಲಿತಾಂಶವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಈ ಕ್ಷೇತ್ರದಲ್ಲಿ ಸಿಕ್ಕುವುದಿಲ್ಲ.

ಅದೇ ಕಾಲದ ಇನ್ನೊಂದು ಧಾರೆ ಚುಚ್ಚುಮದ್ದಿನದು. ಡಬ್ಲಿನ್ನಿನ ಮಾರ್ಗನ್ 1869ರಲ್ಲಿ ಕಬ್ಬಿಣದ ಲವಣವನ್ನು ಚುಚ್ಚಿ ನೋಡಿದ. ಅಮೆರಿಕದ ಇಲಿನಾಯ್ ರಾಜ್ಯದ ಮಿಚೆಲ್ 1871ರಲ್ಲಿ ಕಾರ್ಬಾಲಿಕ್ ಆಮ್ಲವನ್ನು ಎಣ್ಣೆಯಲ್ಲಿ ಕಲಸಿ ಚುಚ್ಚುವ ಗುಟ್ಟನ್ನು ಕಂಡುಕೊಂಡು ಅದನ್ನು ಹಣಕ್ಕೆ ಮಾರಿದ. ಕೊಂಡವರು ಊರೂರು ತಿರುಗಿ ಚುಚ್ಚಿದರು. ಪ್ರಮಾಣ ಹೆಚ್ಚಾಗಿ ಮಾಂಸ ಕೊಳೆತ ಪ್ರಕರಣಗಳಿಂದ ವಿಧಾನ ಕೆಟ್ಟ ಹೆಸರು ಪಡೆಯಿತು. ಸಣ್ಣ ಪ್ರಮಾಣದಲ್ಲಿ, ಸರಿಯಾದ ಎತ್ತರದಲ್ಲಿ ಚುಚ್ಚಿದರೆ ಮೊದಲ ಹಂತದ ರಕ್ತಸ್ರಾವ ನಿಲ್ಲುತ್ತದೆಂಬುದು ನಿಜವೇ ಆದ್ದರಿಂದ ಮುಂದೆ ಆಸ್ಪತ್ರೆಗಳೂ ಅದನ್ನು ಎತ್ತಿಕೊಂಡವು. ಮಹಾರಾಷ್ಟ್ರ-ಕರ್ನಾಟಕದ ಸಂತೆ ಊರುಗಳಲ್ಲಿ ಆಪರೇಶನ್ ಇಲ್ಲದೆ ಮೂಲವ್ಯಾಧಿ ಗುಣ ಎಂದು ಫಲಕ ಹಾಕಿಕೊಂಡ ಬಂಗಾಲಿ ಡಾಕ್ಟರರ ಕೋಣೆಗಳನ್ನು ನೋಡಿದವರಿಗೆ ಮಿಚೆಲ್‌ನ ಗಿರಾಕಿಗಳು ಅಪರಿಚಿತರೆನಿಸುವುದಿಲ್ಲ.

ಜತ್ತ ಸೀಮೆಗೆ ಪಾಶ್ಚಾತ್ಯ ಶಸ್ತ್ರಚಿಕಿತ್ಸೆ ಎಟುಕುವಂತಾದದ್ದು ಮಿರಜದ ಮಿಶನ್ ದವಾಖಾನೆಯಿಂದ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್ಲೆಸ್ 1889ರಲ್ಲಿ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯನಾಗಿ ಬಂದು, ಮೊದಲು ಸಾಂಗ್ಲಿಯಲ್ಲಿ ಕೆಲಸ ಮಾಡಿ, ಆಮೇಲೆ ಮಿರಜಕ್ಕೆ ಸರಿದರು. ಮಿರಜದ ಸಂಸ್ಥಾನಿಕರು ಜಾಗ ಕೊಟ್ಟರು, ಫಿಲಡೆಲ್ಫಿಯಾದ ಉದ್ಯಮಿ ಜಾನ್ ಎಚ್. ಕಾನ್ವರ್ಸ್ ಹಣ ಕೊಟ್ಟರು, 1894ರಲ್ಲಿ ಆಸ್ಪತ್ರೆ ತೆರೆಯಿತು. 1897ರಲ್ಲಿ ಅಲ್ಲಿಯೇ ವೈದ್ಯಕೀಯ ಶಾಲೆ ಶುರುವಾಯಿತು. ಜಾಗದ ಆಯ್ಕೆ ಫಲಿಸಿದ್ದು ರೈಲಿನಿಂದ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೋಗುವ ಮೀಟರ್ ಗೇಜ್ ಹಳಿಯ ಮೇಲೆ ಮಿರಜ ಮುಖ್ಯ ಜಂಕ್ಷನ್ ಆಗಿತ್ತು. ಧಾರವಾಡ ಬೆಳಗಾವಿಯ ಕನ್ನಡ ರೋಗಿ, ಕೊಲ್ಲಾಪುರದ ಮರಾಠಿ ರೋಗಿ ಇಬ್ಬರೂ ಒಂದೇ ವಾರ್ಡಿನಲ್ಲಿ ಮಲಗುತ್ತಿದ್ದರು. ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಗೇಜಿನ ಗಾಡಿ 1927ರಲ್ಲಿ ಪಂಢರಪುರದಿಂದ ಮಿರಜದವರೆಗೆ ಬಂದಿತು, ಆ ಹಳಿಯ ಮೇಲೆ ಜತ್ತ ರೋಡ್ ಎಂಬ ನಿಲ್ದಾಣವೂ ಆಯಿತು. ಊರಿಂದ ನಿಲ್ದಾಣಕ್ಕೆ ಎತ್ತಿನಗಾಡಿ, ಅಲ್ಲಿಂದ ರೈಲು: ಬರಗಾಲದ ಸೀಮೆಯ ರೋಗಿಗೆ ಆಸ್ಪತ್ರೆ ಮೊದಲ ಸಲ ಹೋಗಿ ಬರಬಹುದಾದ ಊರಾಯಿತು.

ವಾನ್ಲೆಸ್ ಹೆಸರು ಮಾಡಿದ್ದು ಕಣ್ಣಿನ ಪೊರೆ ಮತ್ತು ಹೊಟ್ಟೆಯ ಶಸ್ತ್ರಕ್ರಿಯೆಗಳಿಂದ. ಮೂಲವ್ಯಾಧಿಯಂಥ ಸಾಮಾನ್ಯ ಕಾಯಿಲೆಗೆ ಆಸ್ಪತ್ರೆ ತಂದ ಬದಲಾವಣೆ ಸದ್ದಿಲ್ಲದ್ದು, ಆದರೆ ಆಳವಾದದ್ದು: ಪ್ರಜ್ಞೆ ತಪ್ಪಿಸುವ ಔಷಧ, ಕುದಿಸಿದ ಸಲಕರಣೆ, ಆಪರೇಶನ್ ಆದಮೇಲೆ ನೋಡಿಕೊಳ್ಳುವ ನರ್ಸುಗಳು. ವಾನ್ಲೆಸ್ 1928ರಲ್ಲಿ ನಿವೃತ್ತರಾಗಿ, 1933ರಲ್ಲಿ ತೀರಿಕೊಂಡರು. ಅವರ ಹೆಸರು ಆಸ್ಪತ್ರೆಗೂ, ಕ್ಷಯರೋಗಿಗಳ ಆರೋಗ್ಯಧಾಮವಿದ್ದ ವಾನ್ಲೆಸ್‌ವಾಡಿಗೂ ಉಳಿಯಿತು. 1962ರಲ್ಲಿ ಮಿರಜದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿತು. ಪೂರ್ವದ ದಾರಿ ತೆರೆದದ್ದು ಇನ್ನೂ ತಡವಾಗಿ: ವಿಜಯಪುರದಲ್ಲಿ ಅಲ್-ಅಮೀನ್ ಮತ್ತು ಬಿಎಲ್‌ಡಿಇ ವೈದ್ಯಕೀಯ ಕಾಲೇಜುಗಳು 1980ರ ದಶಕದವು.

ಈ ಆಸ್ಪತ್ರೆಗಳಲ್ಲೆಲ್ಲ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಮೂಲವ್ಯಾಧಿಯ ಆಪರೇಶನ್ನಿನ ಮೂಲ 1937ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಸೇಂಟ್ ಮಾರ್ಕ್ಸ್‌ನ ಮಿಲಿಗನ್ ಮತ್ತು ಮಾರ್ಗನ್ ಸಹೋದ್ಯೋಗಿಗಳೊಂದಿಗೆ ಬರೆದದ್ದು ಇಷ್ಟು: ರೋಗಿಯನ್ನು ಕಾಲೆತ್ತಿ ಮಲಗಿಸಿದಾಗ ಗಡಿಯಾರದ 3, 7, 11ರ ಜಾಗದಲ್ಲಿ ಕಾಣುವ ಮೂರು ಮೊಳಕೆಗಳನ್ನು ಒಂದೊಂದಾಗಿ ಹಿಡಿದು, ಬುಡದ ಚರ್ಮ ಕೊಯ್ದು, ಒಳಸ್ನಾಯುವಿಗೆ ಪೆಟ್ಟಾಗದಂತೆ ಬಿಡಿಸಿ, ತೊಟ್ಟಿಗೆ ದಾರ ಬಿಗಿದು ಕತ್ತರಿಸುವುದು. ಗಾಯ ಹೊಲಿಯುವುದಿಲ್ಲ. ಮೂರು ಗಾಯಗಳ ನಡುವೆ ಚರ್ಮದ ಸೇತುವೆಗಳನ್ನು ಉಳಿಸುವುದರಿಂದ ದ್ವಾರ ಕಿರಿದಾಗುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಫರ್ಗ್ಯೂಸನ್ ಗಾಯವನ್ನು ಹೊಲಿದು ಮುಚ್ಚುವ ರೂಪವನ್ನು ಬಳಕೆಗೆ ತಂದ. ಎರಡೂ ವಿಧಾನಗಳಲ್ಲಿ ರೋಗ ಮರುಕಳಿಸುವುದು ಕಡಿಮೆ. ಎರಡರಲ್ಲೂ ನೋವು ಜಾಸ್ತಿ.

ನೋವಿನ ಕಾರಣ ಅಂಗರಚನೆಯಲ್ಲಿದೆ. ಗುದನಾಳದ ಮಧ್ಯದಲ್ಲಿ ಹಲ್ಲುಗಳಂತೆ ಏರಿಳಿತವಿರುವ ಒಂದು ಗೆರೆಯಿದೆ, ವೈದ್ಯರು ಅದನ್ನು ಡೆಂಟೇಟ್ ಗೆರೆ ಎನ್ನುತ್ತಾರೆ. ಅದರ ಕೆಳಗಿನದು ಚರ್ಮದ ಮುಂದುವರಿಕೆ, ಬೆರಳ ತುದಿಯಷ್ಟೇ ಸೂಕ್ಷ್ಮ. ಮೇಲಿನದು ಕರುಳಿನ ಪದರ, ಕೊಯ್ದರೂ ಸುಟ್ಟರೂ ಅದಕ್ಕೆ ಹೆಚ್ಚು ಗೊತ್ತಾಗುವುದಿಲ್ಲ. ಮಿಲಿಗನ್-ಮಾರ್ಗನ್ ಗಾಯಗಳು ಗೆರೆಯ ಕೆಳಗೂ ಬರುತ್ತವೆ. ಮೊದಲ ಮಲ ವಿಸರ್ಜನೆಯ ಭಯಕ್ಕೆ ಉಣ್ಣುವುದನ್ನೇ ಬಿಟ್ಟ ರೋಗಿಗಳು, ಬಿಸಿನೀರಿನ ಬೋಗುಣಿಯಲ್ಲಿ ಕೂತು ಕಳೆದ ವಾರಗಳು, ಕುಳಿತು ಕೆಲಸ ಮಾಡಲಾಗದ ಒಂದು ತಿಂಗಳು: ಆಪರೇಶನ್ ಮಾಡಿಸಿಕೊಂಡು ಊರಿಗೆ ಮರಳಿದವರು ಹೇಳುತ್ತಿದ್ದ ಈ ಕಥೆಗಳೇ ಮುಂದಿನವರನ್ನು ದವಾಖಾನೆಯಿಂದ ದೂರವಿಟ್ಟವು.

ಆದ್ದರಿಂದ ಕತ್ತರಿಯನ್ನು ತಪ್ಪಿಸುವ ಪ್ರಯತ್ನಗಳು ನಿಲ್ಲಲಿಲ್ಲ. ಡೆಟ್ರಾಯಿಟ್‌ನ ಬ್ಯಾರನ್ 1963ರಲ್ಲಿ ಡೆಂಟೇಟ್ ಗೆರೆಯ ಮೇಲ್ಭಾಗದಲ್ಲಿ ರಬ್ಬರ್ ಬಳೆ ಬಿಗಿದು ಮೊಳಕೆ ಒಣಗಿ ಉದುರುವಂತೆ ಮಾಡಿದ. ಎರಡನೇ ಹಂತಕ್ಕೆ ಇದು ಇಂದಿಗೂ ಅಗ್ಗದ, ನಂಬಬಹುದಾದ ಉಪಾಯ. ಪೀಟರ್ ಲಾರ್ಡ್ 1968ರಲ್ಲಿ ಬೆರಳುಗಳಿಂದ ದ್ವಾರವನ್ನು ಬಲವಾಗಿ ಹಿಗ್ಗಿಸುವ ಚಿಕಿತ್ಸೆ ಸೂಚಿಸಿದ. ಸಲಕರಣೆ ಬೇಕಿಲ್ಲದ್ದರಿಂದ ಬೇಗ ಹರಡಿದ ಅದನ್ನು, ಮಲದ ಹಿಡಿತ ತಪ್ಪಿದ ರೋಗಿಗಳು ಕಾಣಿಸಿಕೊಂಡ ಮೇಲೆ ವೈದ್ಯರು ಕೈಬಿಟ್ಟರು. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ. ಜೆ. ದೇಶಪಾಂಡೆ ಮತ್ತು ಸಂಗಡಿಗರು 1960ರ ದಶಕದಲ್ಲಿ ಕ್ಷಾರಸೂತ್ರವನ್ನು ಮತ್ತೆ ಬಳಕೆಗೆ ತಂದರು. ಲಿನನ್ ದಾರಕ್ಕೆ ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನಪುಡಿಗಳನ್ನು ಒಟ್ಟು 21 ಲೇಪಗಳಲ್ಲಿ ಹಚ್ಚಿ ಒಣಗಿಸಿದ ದಾರವದು. ಕಳ್ಳಿ ಜತ್ತದ ಬೇಲಿಯಲ್ಲಿ ಬೆಳೆಯುವ ಗಿಡ, ಅರಿಸಿನವಂತೂ ಸಾಂಗ್ಲಿ ಪೇಟೆಯ ಹೆಸರಾಂತ ಸರಕು. ಭಗಂದರಕ್ಕೆ ಕ್ಷಾರಸೂತ್ರ ಚೆನ್ನಾಗಿ ಒದಗಿತು. ಮೂಲವ್ಯಾಧಿಗೂ ಆಯುರ್ವೇದ ಕಾಲೇಜುಗಳ ಶಲ್ಯತಂತ್ರ ವಿಭಾಗಗಳು ಅದನ್ನು ಬಳಸುತ್ತವೆ. ಆಯುರ್ವೇದ ಸ್ನಾತಕೋತ್ತರರು ಮಾಡಬಹುದಾದ ಶಸ್ತ್ರಕ್ರಿಯೆಗಳ ಪಟ್ಟಿಯನ್ನು 2020ರ ನವೆಂಬರಿನಲ್ಲಿ ಭಾರತೀಯ ವೈದ್ಯಪದ್ಧತಿಗಳ ಕೇಂದ್ರ ಮಂಡಳಿ ಹೊರಡಿಸಿದಾಗ ಮೂಲವ್ಯಾಧಿಯ ಶಸ್ತ್ರಕ್ರಿಯೆ ಅದರಲ್ಲಿತ್ತು. ಅಲೋಪಥಿ ವೈದ್ಯರ ಸಂಘ ಡಿಸೆಂಬರಿನಲ್ಲಿ ದೇಶದಾದ್ಯಂತ ಪ್ರತಿಭಟಿಸಿತು. ಸುಶ್ರುತನ ಕಾಲದಲ್ಲಿ ಇಲ್ಲದ ಜಗಳ ಇದು.

ಸ್ಟೇಪ್ಲರ್ ಹುಟ್ಟಿದ್ದು ಮೂಲವ್ಯಾಧಿಗಲ್ಲ, ಹೊಟ್ಟೆಯ ಶಸ್ತ್ರಕ್ರಿಯೆಗೆ. ಬುಡಾಪೆಸ್ಟಿನ ಹ್ಯುಮರ್ ಹುಲ್ಟ್ಲ್ 1908ರಲ್ಲಿ ಸಲಕರಣೆ ತಯಾರಕ ವಿಕ್ಟರ್ ಫಿಶರ್ ಜೊತೆ ಸೇರಿ, ಜಠರವನ್ನು ಲೋಹದ ಪಿನ್ನುಗಳಿಂದ ಹೊಲಿಯುವ ಯಂತ್ರ ಮಾಡಿದ. ತೂಕ ಮೂರೂವರೆ ಕಿಲೋಗೂ ಮೇಲೆ, ಜೋಡಿಸಲು ಎರಡು ತಾಸು. ಅಲಾಡಾರ್ ಪೆಟ್ಜ್ 1920ರ ಸುಮಾರಿಗೆ ಅದನ್ನು ಹಗುರ ಮಾಡಿದ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟ ಮಾಸ್ಕೋದಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳಿಗೆಂದೇ ಸಂಶೋಧನಾಲಯ ತೆರೆದು ರಕ್ತನಾಳ, ಶ್ವಾಸಕೋಶ, ಕರುಳುಗಳಿಗೆ ಬೇರೆ ಬೇರೆ ಸ್ಟೇಪ್ಲರುಗಳನ್ನು ಮಾಡಿತು. ಅಮೆರಿಕದ ಮಾರ್ಕ್ ರ್‍ಯಾವಿಚ್ 1958ರಲ್ಲಿ ಕೀವ್‌ನಲ್ಲಿ ಅವುಗಳ ಕೆಲಸ ಕಂಡು ಬೆರಗಾಗಿ, ಲೆನಿನ್‌ಗ್ರಾಡಿನ ಅಂಗಡಿಯೊಂದರಲ್ಲಿ ಒಂದನ್ನು ಕೊಂಡು ಊರಿಗೆ ಒಯ್ದ. ಯುನೈಟೆಡ್ ಸ್ಟೇಟ್ಸ್ ಸರ್ಜಿಕಲ್ ಕಂಪನಿ ಅದನ್ನೇ ತಿದ್ದಿ, ತುಂಬಿಸಿಟ್ಟ ಕಾರ್ಟ್ರಿಜ್‌ಗಳ ರೂಪದಲ್ಲಿ ಮಾರಾಟಕ್ಕೆ ತಂದಿತು. 1970ರ ದಶಕದಲ್ಲಿ ಕರುಳಿನ ಎರಡು ತುದಿಗಳನ್ನು ವೃತ್ತಾಕಾರವಾಗಿ ಸೇರಿಸುವ ಸ್ಟೇಪ್ಲರ್ ಬಂದಾಗ, ಗುದದ ಮೂಲಕ ಒಳಹೊಕ್ಕು ಹೊಲಿಯುವುದು ಸಾಧ್ಯವಾಯಿತು.

ವೃತ್ತಾಕಾರದ ಸ್ಟೇಪ್ಲರನ್ನು ಮೂಲವ್ಯಾಧಿಗೆ ಬಳಸುವ ಯೋಚನೆ ಕಝಾಕಸ್ತಾನದ ಕೊಬ್ಲಾಂಡಿನ್ ಮತ್ತು ಶಾಲ್ಕೋವ್ ಅವರಿಗೆ 1981ರಷ್ಟು ಹಿಂದೆಯೇ ಬಂದಿತ್ತು, ಜಗತ್ತು ಗಮನಿಸಲಿಲ್ಲ. ಗಮನ ಸೆಳೆದವನು ಇಟಲಿಯ ಪಲೆರ್ಮೋದ ಆಂಟೋನಿಯೋ ಲಾಂಗೋ. 1990ರ ದಶಕದ ಮೊದಲ ವರ್ಷಗಳಿಂದ ಪ್ರಯೋಗ ನಡೆಸಿ, 1998ರಲ್ಲಿ ರೋಮಿನ ಎಂಡೋಸ್ಕೋಪಿ ಶಸ್ತ್ರವೈದ್ಯರ ವಿಶ್ವ ಸಮ್ಮೇಳನದಲ್ಲಿ ತನ್ನ ವಿಧಾನವನ್ನು ಮಂಡಿಸಿದ. ಅವನ ವಾದ ಇಷ್ಟೇ: ಮೆತ್ತೆ ಜಾರಿದೆ, ಆದ್ದರಿಂದ ಮೆತ್ತೆಯನ್ನು ಮುಟ್ಟಬೇಡಿ. ಅದರ ಮೇಲಿನ ಸಡಿಲ ಪದರದ ಒಂದು ಬಳೆಯನ್ನು ತೆಗೆದು ಉಳಿದದ್ದನ್ನು ಸೇರಿಸಿ ಹೊಲಿದರೆ ಮೆತ್ತೆ ಮೇಲಕ್ಕೆ ಎಳೆದುಕೊಂಡು ತನ್ನ ಜಾಗದಲ್ಲಿ ಕೂರುತ್ತದೆ. ಬಳೆ ಕತ್ತರಿಸುವುದು ವೈಟ್‌ಹೆಡ್‌ನ ಕೆಲಸವೇ. ಆದರೆ ಡೆಂಟೇಟ್ ಗೆರೆಯಾಚೆಗೆ, ನೋವಿಲ್ಲದ ಕಡೆ, ಕೆಲವು ಸೆಂಟಿಮೀಟರು ಮೇಲೆ. ಇಡೀ ವಿಧಾನದ ಜಾಣ್ಮೆ ಆ ಕೆಲವು ಸೆಂಟಿಮೀಟರುಗಳಲ್ಲಿದೆ, ಅಪಾಯವೂ ಅಲ್ಲೇ ಇದೆ.

ಶಸ್ತ್ರಕ್ರಿಯೆ ಅರ್ಧ ಗಂಟೆಯ ಆಸುಪಾಸಿನದು. ಬೆನ್ನಿಗೆ ಅರಿವಳಿಕೆ ಕೊಟ್ಟು, ಕಾಲೆತ್ತಿ ಮಲಗಿಸಿ, ಪಾರದರ್ಶಕ ನಳಿಕೆಯೊಂದನ್ನು ದ್ವಾರದಲ್ಲಿ ಕೂರಿಸಿ ಚರ್ಮಕ್ಕೆ ಹೊಲಿದು ನಿಲ್ಲಿಸುತ್ತಾರೆ. ಅದರೊಳಗೆ ಒಂದೇ ಕಡೆ ಕಂಡಿಯಿರುವ ಇನ್ನೊಂದು ನಳಿಕೆ. ಅದನ್ನು ತಿರುಗಿಸುತ್ತ, ಕಂಡಿಯಲ್ಲಿ ಕಾಣುವಷ್ಟೇ ಪದರಕ್ಕೆ ಸೂಜಿ ಹಾಕುತ್ತ, ಡೆಂಟೇಟ್ ಗೆರೆಯಿಂದ ಸುಮಾರು 4 ಸೆಂಟಿಮೀಟರು ಮೇಲೆ ಪ್ರೋಲೀನ್ ದಾರದಿಂದ ಸುತ್ತಲೂ ಸಂಚಿಯ ಬಾಯಿಯ ಹೊಲಿಗೆ ಹಾಕುತ್ತಾರೆ. ಸುಶ್ರುತನ ಒಂಟಿ ಕಂಡಿಯ ನಳಿಕೆಗೂ ಇದಕ್ಕೂ ಉದ್ದೇಶ ಒಂದೇ: ಬೇಡದ್ದು ಸಿಕ್ಕಿಕೊಳ್ಳಬಾರದು. ಹೊಲಿಗೆ ಒಳಪದರ ಮತ್ತು ಅದರಡಿಯ ಪದರವನ್ನು ಮಾತ್ರ ಹಿಡಿಯಬೇಕು, ಸ್ನಾಯುವಿಗೆ ಇಳಿಯಬಾರದು. ಆಮೇಲೆ 33 ಮಿಲಿಮೀಟರ್ ವ್ಯಾಸದ ಸ್ಟೇಪ್ಲರನ್ನು ಪೂರ್ತಿ ಬಿಚ್ಚಿ, ಅದರ ತಲೆಯನ್ನು ಹೊಲಿಗೆಯ ಆಚೆಗೆ ದಾಟಿಸಿ, ದಾರ ಬಿಗಿದು, ತುದಿಗಳನ್ನು ಯಂತ್ರದ ಪಕ್ಕದ ಕಂಡಿಗಳಿಂದ ಹೊರಗೆಳೆಯುತ್ತಾರೆ. ಎಳೆದಾಗ ಸಡಿಲ ಪದರ ಯಂತ್ರದ ಹೊಟ್ಟೆಗೆ ಸೇರುತ್ತದೆ. ಮುಚ್ಚಿ ಬಿಗಿದು, ಹೆಂಗಸರಾದರೆ ಯೋನಿಯ ಹಿಂಗೋಡೆ ಸಿಕ್ಕಿಕೊಂಡಿಲ್ಲವೆಂದು ಬೆರಳಿಂದ ನೋಡಿ, ಅರ್ಧ ನಿಮಿಷ ಒತ್ತಿ ಹಿಡಿದು, ಹಿಡಿಕೆ ಒತ್ತಿದರೆ ಟೈಟಾನಿಯಂ ಪಿನ್ನುಗಳು ಎರಡು ಸಾಲಿನಲ್ಲಿ ಕೂರುತ್ತವೆ. ಅದೇ ಕ್ಷಣ ಒಳಗಿನ ದುಂಡು ಅಲಗು ಬಳೆಯನ್ನು ಕತ್ತರಿಸುತ್ತದೆ. ಹೊರತೆಗೆದ ಬಳೆ ಸುತ್ತಲೂ ಪೂರ್ತಿಯಾಗಿದೆಯೇ ಎಂದು ನೋಡುತ್ತಾರೆ, ಪಿನ್ನಿನ ಸಾಲಿನಲ್ಲಿ ರಕ್ತ ಜಿನುಗುವ ಕಡೆ ಒಂದೊಂದು ಹೊಲಿಗೆ ಹಾಕುತ್ತಾರೆ. ಹೊರಗೆ ಗಾಯವಿಲ್ಲ. ಯಂತ್ರ ಒಮ್ಮೆ ಬಳಸಿ ಎಸೆಯುವಂಥದ್ದು, ಖರ್ಚೆಲ್ಲ ಅದರದೇ.

ಮೊದಲ ಫಲಿತಾಂಶಗಳು ಕಣ್ಣು ಕೋರೈಸಿದವು. 2000ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಬ್ರಿಟಿಷ್ ಪ್ರಯೋಗವೊಂದರಲ್ಲಿ 40 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದಾಗ, ಸ್ಟೇಪ್ಲರ್ ಗುಂಪಿನವರು ಸರಾಸರಿ 17 ದಿನಕ್ಕೆ, ಹಳೆಯ ವಿಧಾನದವರು 34 ದಿನಕ್ಕೆ ತಮ್ಮ ಕೆಲಸಕಾರ್ಯಗಳಿಗೆ ಮರಳಿದ್ದರು. ಆದರೆ ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಬೇರೆ ಸುದ್ದಿಯೂ ಬಂದಿತು. ಸ್ಟೇಪ್ಲರ್ ಬಳಸಿದ 16 ಮಂದಿಯಲ್ಲಿ 5 ಮಂದಿಗೆ ನೋವು ಮತ್ತು ತಡೆಯಲಾಗದ ಮಲಾತುರ 15 ತಿಂಗಳವರೆಗೂ ಉಳಿದ ವರದಿಯೊಂದು, ಸೊಂಟದೊಳಗೆ ಕೀವಾಗಿ ಪ್ರಾಣಕ್ಕೇ ಸಂಚಕಾರ ಬಂದ ರೋಗಿಯ ವರದಿ ಇನ್ನೊಂದು. ಮುಂದಿನ ವರ್ಷಗಳಲ್ಲಿ ಪಟ್ಟಿ ಬೆಳೆಯಿತು: ಪಿನ್ನಿನ ಸಾಲಿನಿಂದ ರಕ್ತಸ್ರಾವ, ಸಾಲು ಬಿಚ್ಚಿಕೊಳ್ಳುವುದು, ಕರುಳು ಕಿರಿದಾಗುವುದು, ಹೊಲಿಗೆ ತಪ್ಪಿ ಕರುಳೇ ಮುಚ್ಚಿಹೋಗುವುದು, ಕರುಳಿಗೂ ಯೋನಿಗೂ ನಡುವೆ ತೂತಾಗುವುದು. ಇವು ಅಪರೂಪವೇ. ಆದರೂ ಪ್ರಾಣ ತೆಗೆಯದ ರೋಗಕ್ಕೆ ಪ್ರಾಣಾಪಾಯದ ಚಿಕಿತ್ಸೆ ಎಷ್ಟೇ ಅಪರೂಪಕ್ಕಾದರೂ ಸರಿಯೇ ಎಂಬ ಪ್ರಶ್ನೆ ಎದ್ದಿತು. ಚರಕನ ಪಟ್ಟಿಯ ಬಹುಪಾಲು ಮತ್ತೆ ಮುಂದೆ ಬಂದು ನಿಂತಿತ್ತು.

ನಿಧಾನವಾಗಿ ಬಂದ ತೀರ್ಪು ಮರುಕಳಿಕೆಯದು. 2006ರ ಕೋಕ್ರೇನ್ ಅವಲೋಕನ 12 ಪ್ರಯೋಗಗಳ 955 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ಟೇಪ್ಲರ್ ಗುಂಪಿನ 479ರಲ್ಲಿ 37 ಮಂದಿಗೆ, ಕತ್ತರಿಸಿದ ಗುಂಪಿನ 476ರಲ್ಲಿ 9 ಮಂದಿಗೆ ಮಾತ್ರ ರೋಗ ಮರಳಿತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ 2007ರಲ್ಲಿ ಸ್ಟೇಪ್ಲರನ್ನು ಒಂದು ಆಯ್ಕೆಯಾಗಿ ಒಪ್ಪಿತು. ಆ ಒಪ್ಪಿಗೆಯನ್ನು ಅಲುಗಾಡಿಸಿದ್ದು ಈಥಾಸ್ ಎಂಬ ದೊಡ್ಡ ಪ್ರಯೋಗ. ಬ್ರಿಟನ್ನಿನ 32 ಆಸ್ಪತ್ರೆಗಳ 777 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದ ಅದರ ಫಲಿತಾಂಶ 2016ರಲ್ಲಿ ಬಂದಿತು. ಮೊದಲ ವಾರಗಳಲ್ಲಿ ಸ್ಟೇಪ್ಲರಿನವರಿಗೆ ನೋವು ಕಡಿಮೆ ಎಂಬುದು ಸುಳ್ಳಾಗಲಿಲ್ಲ. ಎರಡು ವರ್ಷದ ಒಟ್ಟು ಲೆಕ್ಕದಲ್ಲಿ ಮಾತ್ರ ಜೀವನದ ಗುಣಮಟ್ಟ, ರೋಗಲಕ್ಷಣಗಳ ಉಪಶಮನ, ಮರುಕಳಿಕೆ, ಖರ್ಚು ಎಲ್ಲದರಲ್ಲೂ ಹಳೆಯ ಕತ್ತರಿಯೇ ಮೇಲಾಯಿತು. ಲಾಂಗೋ ಮಂಡಿಸಿದ ಹದಿನೆಂಟು ವರ್ಷಗಳ ಮೇಲೆ ಬಂದ ಉತ್ತರ ಇದು. ಆ ನಡುವೆ ಲಕ್ಷಗಟ್ಟಲೆ ಯಂತ್ರಗಳು ಮಾರಾಟವಾಗಿದ್ದವು.

ಭಾರತದಲ್ಲಿ ಈ ವಿಧಾನ ಎಂಐಪಿಎಚ್ ಎಂಬ ಹೆಸರಿನಿಂದ, ಜನರ ಬಾಯಲ್ಲಿ ಸ್ಟೇಪ್ಲರ್ ಆಪರೇಶನ್ ಎಂದು, 2000ದ ನಂತರ ಮಹಾನಗರಗಳಿಂದ ಜಿಲ್ಲಾ ಊರುಗಳ ಖಾಸಗಿ ಆಸ್ಪತ್ರೆಗಳಿಗೆ ಇಳಿಯಿತು. ಜಾಹೀರಾತು ಹೇಳಿದ್ದು ಎರಡೇ ಮಾತು, ನೋವಿಲ್ಲ ಮತ್ತು ಮರುದಿನ ಮನೆಗೆ. ಕಬ್ಬು ಕಡಿಯಲು, ಕೂಲಿಗೆ ಹೋಗಲು ಹೊರಡಬೇಕಾದವನಿಗೆ ಹದಿನೇಳು ದಿನಕ್ಕೂ ಮೂವತ್ತನಾಲ್ಕು ದಿನಕ್ಕೂ ಇರುವ ಅಂತರ ಸಣ್ಣದಲ್ಲ, ಆ ಆಕರ್ಷಣೆಯನ್ನು ಮೋಸವೆನ್ನಲಾಗದು. ಆದರೆ ಅದೇ ಮನುಷ್ಯನಿಗೆ ರೋಗ ಮರಳಿದರೆ ಮತ್ತೊಮ್ಮೆ ಮಿರಜದ ದಾರಿ, ಮತ್ತೊಮ್ಮೆ ಸಾಲ. ಆಸ್ಪತ್ರೆ ಪಕ್ಕದಲ್ಲೇ ಇರುವ ನಗರದವರಿಗೆ ಮರುಕಳಿಕೆ ಬೇಸರದ ಸಂಗತಿ, ದೂರದ ಹಳ್ಳಿಯವರಿಗೆ ಅದು ಎರಡನೇ ಯಾತ್ರೆ. ಬ್ರಿಟನ್ನಿನ ಪ್ರಯೋಗ ಎಣಿಸಿದ ಖರ್ಚಿನಲ್ಲಿ ಈ ಖರ್ಚು ಸೇರಿಲ್ಲ.

ಸರಕಾರಿ ವಿಮೆಗಳು ಈ ಲೆಕ್ಕವನ್ನು ಸ್ವಲ್ಪ ಬದಲಿಸಿವೆ. ಕರ್ನಾಟಕದ ಸಹಕಾರಿ ಸಂಘಗಳ ಸದಸ್ಯರಿಗೆ 2003ರಲ್ಲಿ ಯಶಸ್ವಿನಿ ಬಂದಿತು. ಮಹಾರಾಷ್ಟ್ರದಲ್ಲಿ 2012ರಲ್ಲಿ ಶುರುವಾದ ರಾಜೀವ್ ಗಾಂಧಿ ಜೀವನದಾಯಿ ಯೋಜನೆ 2017ರಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಾಯಿತು. ರಾಜ್ಯದ ಗೆರೆ ಇಲ್ಲಿಯೂ ಬಂದು ಕೂರುತ್ತದೆ. ಮಹಾರಾಷ್ಟ್ರ 2023ರಲ್ಲಿ ತನ್ನ ಯೋಜನೆಯನ್ನು ತಾನು ಹಕ್ಕು ಕೇಳುವ ಕರ್ನಾಟಕದ 865 ಹಳ್ಳಿಗಳಿಗೂ ವಿಸ್ತರಿಸಿತು. ಅದಕ್ಕೆ ಸ್ವಲ್ಪ ಮೊದಲು, 2022ರ ಕೊನೆಗೆ, ಜತ್ತದ ನಲವತ್ತು ಹಳ್ಳಿಗಳ ಮೇಲೆ ಕರ್ನಾಟಕದ ಮುಖ್ಯಮಂತ್ರಿ ಹಕ್ಕು ಹೇಳಿದ್ದರು.

ಈಗ ಸ್ಟೇಪ್ಲರಿಗೆ ಉಳಿದಿರುವ ಜಾಗ ಕಿರಿದು, ಆದರೆ ಇದೆ. ಮೆತ್ತೆ ಮೂರು ಕಡೆಯೂ ಸಮನಾಗಿ, ಬಳೆಯಂತೆ ಜಾರಿರುವ, ಒಳಗೆ ದೂಡಿದರೆ ಹೋಗುವ ಮೂರನೇ ಹಂತದವರಿಗೆ ಅದು ಹೊಂದುತ್ತದೆ. ಹೊರಗೆ ಚರ್ಮದ ತುಣುಕುಗಳು ಜೋತುಬಿದ್ದವರಿಗೆ ಹೊಂದುವುದಿಲ್ಲ, ಏಕೆಂದರೆ ಅವುಗಳನ್ನು ಈ ಯಂತ್ರ ಮುಟ್ಟುವುದೇ ಇಲ್ಲ. ಗಟ್ಟಿಯಾಗಿ ಹೊರಗೇ ನಿಂತ ನಾಲ್ಕನೇ ಹಂತದವರಿಗೆ ಮಿಲಿಗನ್-ಮಾರ್ಗನ್ ವಿಧಾನವೇ ಮದ್ದು. ಎರಡನೇ ಹಂತಕ್ಕೆ ರಬ್ಬರ್ ಬಳೆ ಸಾಕು. ಜಪಾನಿನ ಮೊರಿನಾಗಾ 1995ರಲ್ಲಿ ತೋರಿಸಿದ, ಡಾಪ್ಲರ್ ಯಂತ್ರದಿಂದ ರಕ್ತನಾಳದ ಸದ್ದು ಹಿಡಿದು ಹೊಲಿದು ಕಟ್ಟುವ ವಿಧಾನ ಮತ್ತು ಈಚಿನ ಲೇಸರ್ ಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳ ಫಲಕಗಳಲ್ಲಿ ಸ್ಟೇಪ್ಲರಿನ ಜಾಗಕ್ಕೆ ಬರತೊಡಗಿವೆ. ಫಲಕದ ಮೇಲಿನ ಮಾತು ಬದಲಾಗಿಲ್ಲ, ನೋವಿಲ್ಲ ಮತ್ತು ಮರುದಿನ ಮನೆಗೆ.